ಬದುವಿನ ಆಚೆ ನಿಂತವರು

ಗಂಗಾವತಿಯ ಕಾಲೇಜಿನಲ್ಲಿ ನಮಗೆ ಗಣಿತ ಕಲಿಸಿದ ಮೇಡಂ ಬೋರ್ಡಿನ ಮೇಲೆ ಚೌಕಗಳನ್ನು ಬರೆದು, ಸೀಮೆಸುಣ್ಣ ಮೆತ್ತಿದ ಬೆರಳಿನಿಂದ ಕುಟ್ಟುತ್ತ ಒಂದೇ ಮಾತು ಹೇಳುತ್ತಿದ್ದರು: "ಮೊದಲ ಹತ್ತಿರದ ಚೌಕ ಮುಗಸ್ರಿ, ಆಮ್ಯಾಲೆ ಅದರ ಪಕ್ಕದ್ದು."

ಗದ್ದೆಯನ್ನು ಅಂಥದೇ ಚೌಕಗಳಾಗಿ ಹಂಚಿಕೊಂಡು, ಹರಿದುಬರುವ ನೀರಿನ ಅಂಚು ಅದರ ಯಾವ ಮೂಲೆಯನ್ನು ಯಾವಾಗ ಮುಟ್ಟುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟ್. ಉತ್ತರ ತಾಳೆಯಾಗದೆ ಬಿಟ್ಟೇಬಿಡುವವಳಿದ್ದೆ. ಮೇಡಂ ನನ್ನನ್ನು ಸಿದ್ದಾಪುರದ ತಮ್ಮ ಗದ್ದೆಗೆ ಕರೆದೊಯ್ದರು. ಕಾಲುವೆ ನೀರು ಬಿಡಿಸಿ, ಚಪ್ಪಲಿ ಕಳಚಿ, ಬದುವಿನ ಆಚೆ ನಿಂತರು. ನೀರು ಬದುವಿಗೆ ತಾಗಿ ಪಕ್ಕಕ್ಕೆ ಹೊರಳಿತು.

"ನಿನ್ನ ಲೆಕ್ಕದಾಗ ನನ್ನ ಕಾಲು ಇಷ್ಟೊತ್ತಿಗೆ ತೊಯ್ದಿರಬೇಕಿತ್ತು ನೋಡವಾ," ಎಂದು ನಕ್ಕರು.

ನಾನು ಬದುವನ್ನೇ ಮರೆತು, ಚೌಕದಿಂದ ಪಕ್ಕದ ಚೌಕಕ್ಕೆ ಸಾಗದೆ, ದೂರವನ್ನು ನೇರ ಅಳೆದಿದ್ದೆ. ತಪ್ಪೆಂದು ಅವರು ಒಮ್ಮೆಯೂ ಹೇಳಲಿಲ್ಲ. ನೀರು ಸುತ್ತಿ ಬಂದು ಪಾದ ಮುಟ್ಟುವವರೆಗೂ ಬಿಸಿಲಲ್ಲಿ ನನಗಾಗಿ ನಿಂತೇ ಇದ್ದರು.