ನೀರಿಗಿಳಿಯುವ ಬಟ್ಟೆ

ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಈಜುಡುಪು ಕೊಳ್ಳಲು ಹೊರಟೆ. ಇಲ್ಲಿ ಸಲೀಸಾಗಿ ಬರೆದುಬಿಟ್ಟೆ, ಆದರೆ ಈ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನೈದು ದಿನ ಹಿಡಿದಿತ್ತು. ಮನೆಯಲ್ಲಿ "ಹಾಸನಕ್ಕೆ ಹೋಗಿ ಒಂದೆರಡು ಬಟ್ಟೆ ತರಬೇಕು" ಎಂದಷ್ಟೇ ಹೇಳಿದ್ದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ "ಮತ್ತೆ ಸೀರೆನಾ?" ಎಂದರು. ನಾನು ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದಸರಾ ರಜೆಗೆ ನಾವು ಆರು ಜನ ಟೀಚರುಗಳು ಮಲ್ಪೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಗಣಿತದ ಶೈಲಜಾ ಮೊದಲೇ ಷರತ್ತು ಹಾಕಿದ್ದಳು: "ಈ ಸಲ ದೇವಸ್ಥಾನ ಇಲ್ಲ, ಪ್ರಸಾದ ಇಲ್ಲ. ಬರೀ ಸಮುದ್ರ." ಉಳಿದವರು ಕಾಲು ನೆನೆಸಿಕೊಂಡರೆ ಸಾಕೆಂದಿದ್ದರು. ನನಗೆ ಮಾತ್ರ ಈಜುವ ಆಸೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಬಂದಾಗ ಲಂಗ ಎತ್ತಿಕಟ್ಟಿ ಹೇಮಾವತಿಯಲ್ಲಿ ಈಜು ಕಲಿತವಳು ನಾನು. ಹನ್ನೆರಡು ತುಂಬಿದ ಮೇಲೆ "ಇನ್ನು ಸಾಕು" ಎಂದರು. ಯಾಕೆ ಸಾಕು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದಾಚೆಗೆ ನನಗೂ ನೀರಿಗೂ ಇದ್ದ ಸಂಬಂಧ ಬಚ್ಚಲುಮನೆಯದು.

ಬರೀ ಈಜುಡುಪು ಬೇಕಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಪಾಪವಿಲ್ಲದ ಈಜುಡುಪು. ಶಾಲೆಯ ಪರಿಸರ ಸಂಘ ನನ್ನ ಸುಪರ್ದಿಯಲ್ಲಿದೆ. ನೈಲಾನು, ಪಾಲಿಸ್ಟರು ಬಟ್ಟೆಗಳನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ, ಕಡಲಿನಿಂದ ಮೀನಿನ ಹೊಟ್ಟೆಗೆ ಹೋಗುತ್ತವೆ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಪಾಠ ಮಾಡುವವರ ಕಷ್ಟವೇ ಇದು. ಹೇಳಿದ್ದು ಒಂದಲ್ಲ ಒಂದು ದಿನ ಹೇಳಿದವರ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೊಳೆಯ ಮೂಲಕ ಕಳಿಸಬಾರದೆಂದ ಪ್ಲಾಸ್ಟಿಕ್ಕನ್ನು ಮೈಮೇಲೆ ಹಾಕಿಕೊಂಡು ಖುದ್ದಾಗಿ ಸಮುದ್ರಕ್ಕೆ ತಲುಪಿಸಿ ಬರುವುದೇ?

ಹಾಸನದ ಬಟ್ಟೆಯಂಗಡಿಯಲ್ಲಿ ಮೂರು ಸಲ ಟವೆಲ್ಲಿನ ಬೆಲೆ ಕೇಳಿದ ಮೇಲೆ ಧೈರ್ಯ ಬಂತು. "ಸ್ವಿಮ್ಮಿಂಗ್ ಡ್ರೆಸ್ ಇದೆಯಾ?" ಎಂದೆ.

"ಇದೆ ಮೇಡಂ. ಎಷ್ಟು?"

ಅಂಗಡಿಯವನು ಅಳತೆ ಕೇಳುತ್ತಿದ್ದಾನೆಂದು ನನಗೆ ಹೊಳೆಯಲಿಲ್ಲ, ವಯಸ್ಸು ಎಂದುಕೊಂಡೆ. "ಐವತ್ತಮೂರು" ಎಂದೆ.

"ಅಷ್ಟು ಸೈಜ್ ಬರಲ್ಲ ಮೇಡಂ, ನಲವತ್ನಾಕೇ ಲಾಸ್ಟು."

ಹೇಗೋ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡು ನಾಲ್ಕಾರು ಉಡುಪು ಹರವಿದ ಮೇಲೆ, ನಾನು ಗಂಟಲು ಸರಿಮಾಡಿಕೊಂಡು, "ಇದರಲ್ಲಿ ಯಾರಿಗೂ ತೊಂದರೆ ಆಗದೆ ಇರುವಂಥದ್ದು ಯಾವುದು?" ಎಂದು ಕೇಳಿದೆ. ಆತ ತಕ್ಷಣ ಮೊಣಕಾಲಿನವರೆಗೆ ಬರುವ, ತುಂಬುತೋಳಿನದೊಂದನ್ನು ಮುಂದಿಟ್ಟ. "ಇದು ನೋಡಿ ಮೇಡಂ, ಯಾರ್ಗೂ ತೊಂದ್ರೆ ಇಲ್ಲ. ಪೂರ್ತಿ ಮುಚ್ತದೆ."

ಬಸ್ಸಿನಲ್ಲಿ ಬರಿಗೈಲಿ ವಾಪಸ್ ಬರುವಾಗ ಅವನ ಮಾತನ್ನೇ ಮೆಲುಕು ಹಾಕಿದೆ. ಹೆಂಗಸಿನ ಬಟ್ಟೆಯ ವಿಷಯದಲ್ಲಿ ನೀತಿ, ನಿಯತ್ತು ಎಂದು ಬಾಯಿ ತೆರೆದರೆ ಸಾಕು, ಕೇಳಿದವರ ಮನಸ್ಸು ನೇರವಾಗಿ ಬಟ್ಟೆಯ ಉದ್ದಗಲಕ್ಕೆ ಹೋಗುತ್ತದೆ. ನೂಲು ತೆಗೆದವರಿಗೆ ಕೂಲಿ ಸರಿಯಾಗಿ ಸಿಕ್ಕಿತೇ, ಬಣ್ಣದ ನೀರು ಯಾವ ಹಳ್ಳಕ್ಕೆ ಹೋಯಿತು ಎಂಬ ಕಡೆಗೆ ಹೋಗುವುದಿಲ್ಲ. ನಮ್ಮ ಹಳೆಯ ಕವಿಗಳೂ ಈ ವಿಷಯದಲ್ಲಿ ಸಹಾಯಕ್ಕೆ ಬರುವವರಲ್ಲ. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕು, ಅದರಲ್ಲಿ ಜಲಕ್ರೀಡೆಯೂ ಒಂದು. ರಾಣಿಯರು ಕೊಳಕ್ಕಿಳಿದರು, ನೀರೆರಚಿದರು, ತಾವರೆ ನಾಚಿತು ಎಂದೆಲ್ಲ ಪುಟಗಟ್ಟಲೆ ಬರೆಯುತ್ತಾರೆ. ಒದ್ದೆ ಸೀರೆಯ ಭಾರದಲ್ಲಿ ಕೈಕಾಲು ಆಡಿಸಿದ್ದು ಹೇಗೆ ಎಂದು ಒಬ್ಬ ಕವಿಯೂ ಹೇಳಿದ್ದನ್ನು ನಾನು ಓದಿಲ್ಲ. ಬರೆದವರು ದಡದಲ್ಲಿ ನಿಂತು ನೋಡಿದವರು, ಪಾಪ.

ಆಮೇಲೆ ಫೋನಿನಲ್ಲಿ ಹುಡುಕಿದೆ. ಸಮುದ್ರಕ್ಕೆ ಬಿಸಾಡಿದ ಹಳೆಯ ಮೀನುಬಲೆಗಳನ್ನು ಕರಗಿಸಿ, ನೂಲು ತೆಗೆದು ಮಾಡಿದ ಈಜುಡುಪುಗಳಿವೆ ಎಂದು ಗೊತ್ತಾಯಿತು. ಎಷ್ಟು ಒಳ್ಳೆಯ ಕೆಲಸ ಎಂದು ಸಂತೋಷಪಟ್ಟೆ. ಆದರೆ ಅದು ವಿಮಾನ ಹತ್ತಿ ದೇಶ ದಾಟಿ ಬರಬೇಕು, ಬರುವಾಗ ಪ್ಲಾಸ್ಟಿಕ್ ಚೀಲ ಹೊದ್ದು ಬರಬೇಕು. ಬೆಲೆಯನ್ನಂತೂ ನಾನು ಇಲ್ಲಿ ಬರೆಯುವುದಿಲ್ಲ, ಯಜಮಾನರು ಈ ಪ್ರಬಂಧ ಓದುವ ಸಂಭವವಿದೆ.

ಕೊನೆಗೆ ನಮ್ಮೂರಿನ ದರ್ಜಿ ಮಂಜುಳಮ್ಮನ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ನನ್ನ ರವಿಕೆ ಹೊಲಿಯುವವಳು, ನನ್ನ ಅಳತೆಯ ಏರಿಕೆಯನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿರುವವಳು. ಕೈಮಗ್ಗದ ಹತ್ತಿ ಬಟ್ಟೆ ಕೊಟ್ಟು, ತುಂಬುತೋಳಿನ ಅಂಗಿ, ಮೊಣಕಾಲು ಮುಚ್ಚುವ ಚಡ್ಡಿ ಹೊಲಿಯಬೇಕೆಂದೆ. ಅವಳು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನನ್ನೇ ನೋಡಿದಳು.

"ಸಮುದ್ರಕ್ಕೆ ಅಂತ ಬಟ್ಟೆ ಒಲ್ಸೋರ್ನ ಇದೇ ಮೊದ್ಲು ನೋಡ್ತಿರೋದು ಮಿಸ್. ಕಾಟನ್ನು ನೀರ್ ಕುಡೀತದೆ. ಮೊದ್ಲು ಎಲ್ಲಾರಾ ನೀರಲ್ಲಿ ಇಳ್ದು ನೋಡ್ಬುಡಿ."

ಒಳ್ಳೆಯ ಸಲಹೆ. ಆ ಭಾನುವಾರವೇ ದಂಡಿಗನಹಳ್ಳಿಗೆ, ಅಣ್ಣನ ಮನೆಗೆ ಹೋದೆ. ಅಣ್ಣ ಹಾಸನದಲ್ಲಿ ನೌಕರಿಯಲ್ಲಿದ್ದವನು, ನಿವೃತ್ತನಾದ ಮೇಲೆ ಅಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾನೆ. ತೋಟದ ಬೋರ್‌ವೆಲ್ ಪಕ್ಕದಲ್ಲಿ ಎದೆಯುದ್ದದ ಸಿಮೆಂಟಿನ ತೊಟ್ಟಿ ಇದೆ. ಅಣ್ಣ ಚನ್ನರಾಯಪಟ್ಟಣಕ್ಕೆ ಹೋಗಿದ್ದ ಹೊತ್ತು ನೋಡಿ, ಅತ್ತಿಗೆ ಪುಟ್ಟಲಕ್ಷ್ಮಿಯನ್ನು ಕಾವಲಿಗೆ ನಿಲ್ಲಿಸಿ ನೀರಿಗಿಳಿದೆ. ಅತ್ತಿಗೆ ನನಗಿಂತ ಆರು ವರ್ಷ ದೊಡ್ಡವರು, ಮಾತು ಕಡಿಮೆ. ನನ್ನ ವೇಷ ನೋಡಿ ನಗಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಸುಮ್ಮನೆ ಕೂತರು.

ಈಜು ಕಲಿತವರು ಮರೆಯುವುದಿಲ್ಲವಂತೆ. ನಾನೂ ಮರೆತಿರಲಿಲ್ಲ, ಆದರೆ ಮಂಜುಳಮ್ಮನ ಮಾತು ನಿಜವಾಗಿತ್ತು. ಕಾಲು ಎತ್ತಿ ಮೈಯನ್ನು ಮುಂದಕ್ಕೆ ಚಾಚಿದ ಕೂಡಲೇ ಅಂಗಿ ಗಾಳಿ ತುಂಬಿಕೊಂಡು ಮುಖದ ಮೇಲೆ ಬಂತು, ಚಡ್ಡಿ ನೀರು ಕುಡಿದು ಸೊಂಟವನ್ನು ಕೆಳಗೆಳೆಯಿತು. ತೋಳುಗಳು ಒದ್ದೆ ಗೋಣಿಚೀಲದಂತೆ ಸುತ್ತಿಕೊಂಡವು. ಎದೆಯುದ್ದದ ನೀರಿನಲ್ಲಿ ನಿಂತುಕೊಂಡರೆ ಸಾಕು ಎಂಬುದು ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಮೂಗಿಗೆ, ಬಾಯಿಗೆ ನೀರು ಹೋಯಿತು.

ಯಾರೋ ಧಡಕ್ಕನೆ ನೀರಿಗಿಳಿದರು. ಒಂದು ಕೈ ನನ್ನ ಕುತ್ತಿಗೆಯ ಕೆಳಗೆ, ಇನ್ನೊಂದು ಬೆನ್ನಿನ ಕೆಳಗೆ ಬಂತು. ನೋಡಿದರೆ ಉಟ್ಟ ಸೀರೆಯಲ್ಲೇ ಅತ್ತಿಗೆ.

"ಬಡ್ಕೋಬ್ಯಾಡ ಕಣೆ ರತ್ನ. ಕುತ್ಗೆ ಬುಡು, ಮೈ ಸಡ್ಲ ಬುಡು. ನೀರೇ ಇಡ್ಕೊತದೆ."

ನೀರು ನಿಜವಾಗಿಯೂ ಹಿಡಿದುಕೊಂಡಿತು. ಒಂದು ನಿಮಿಷ ಮಲಗಿ ತೆಂಗಿನ ಗರಿಗಳ ನಡುವಿನ ಆಕಾಶ ನೋಡಿದೆ. ಆಮೇಲೆ ಕೆಮ್ಮುತ್ತಾ ಎದ್ದು, "ಇದನ್ನೆಲ್ಲ ಎಲ್ಲಿ ಕಲಿತ್ರಿ ಅತ್ತಿಗೆ?" ಎಂದು ಕೇಳಿದೆ.

"ಹಾಸನದಾಗೆ. ಸ್ವಂಟ ನೋವು ಅಂತ ಡಾಕ್ಟ್ರು ಈಜುಕೊಳಕ್ಕೆ ಓಗಿ ಅಂದಿರ್ಲಿಲ್ವಾ? ಎಂಗಸ್ರುಗೇ ಅಂತ ಬೆಳಗಿನ ಬ್ಯಾಚು ಇತ್ತು. ಹತ್ತು ದಿನ ಓಗಿದ್ದೆ."

"ಆಮೇಲೆ ಯಾಕೆ ಬಿಟ್ಟಿರಿ?"

ಅತ್ತಿಗೆ ಸೆರಗು ಹಿಂಡುತ್ತಿದ್ದರು. "ನಿಂಗೆ ಗ್ಯಾಪಕ ಇಲ್ವಾ? ಚಿಕ್ಕಪ್ಪನ ಮಗಳ ಬೀಗರೂಟದಾಗೆ ಎಲ್ಲಾ ಊಟಕ್ ಕೂತಿದ್ರು. ನೀನು ಅಂದೆ, 'ಅಣ್ಣ, ಎಮ್ಮೆ ನೀರಿಗೆ ಇಳಿದ್ರೆ ಏಳೋದು ಯಾವಾಗ್ಲೋ, ಅಡುಗೆಗೆ ಬೇರೆ ಯಾರನ್ನಾದ್ರೂ ನೋಡ್ಕೊ' ಅಂತ. ಪಂಕ್ತಿಗೆ ಪಂಕ್ತಿನೇ ನಗಾಡ್ತು. ಆಮ್ಯಾಕೆ ನಂಗೆ ಓಗಕ್ ಮನಸಾಗ್ಲಿಲ್ಲ."

ದೂರಿನ ದನಿಯಲ್ಲ. ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಎನ್ನುವಷ್ಟೇ ಸಮಾಧಾನ. ಹಾಗೆ ಅಂದದ್ದು ನನಗೆ ನೆನಪೇ ಇಲ್ಲ, ಸುಳ್ಳು ಹೇಳುತ್ತಿಲ್ಲ. ಆದರೆ ಮಾತಿನ ಧಾಟಿ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಮನೆತನದಲ್ಲಿ ನಾನು ಹಾಸ್ಯಪ್ರವೃತ್ತಿಯವಳೆಂದು ಹೆಸರಾದವಳು. ನಗಿಸಿದ್ದು ಯಾರ ಖರ್ಚಿನಲ್ಲಿ ಎಂದು ಆ ಹೆಸರು ಕೊಟ್ಟವರೂ ಕೇಳಿರಲಿಲ್ಲ, ಹೊತ್ತವಳೂ ಕೇಳಿಕೊಂಡಿರಲಿಲ್ಲ.

ಒದ್ದೆ ಬಟ್ಟೆ ಬದಲಾಯಿಸಲು ಒಳಗೆ ಹೋದಾಗ ಅತ್ತಿಗೆ ಬೀರುವಿನ ತಳದಿಂದ ಒಂದು ಪೊಟ್ಟಣ ತೆಗೆದರು. ಕಡುನೀಲಿ ಬಣ್ಣದ, ತುಂಬುತೋಳಿನ ಈಜುಡುಪು. ನುಸಿಗುಳಿಗೆಯ ವಾಸನೆ. ಸೊಂಟದ ಎಲಾಸ್ಟಿಕ್ ಸತ್ತುಹೋಗಿತ್ತು, ಬಟ್ಟೆ ಗಟ್ಟಿಯಾಗಿಯೇ ಇತ್ತು.

"ಹೊಸಾದು ತಗೊಂಡ್ರೆ ಪಾಪ ಅಂತೀಯಲ್ಲ, ಇದ್ನೇ ಇಕ್ಕೊ. ಬೀರುನಾಗೆ ಸುಮ್ಕೆ ಬಿದ್ದದೆ" ಎಂದರು.

ಪರಿಸರ ಸಂಘದ ಲೆಕ್ಕದಲ್ಲಿ ಅದಕ್ಕಿಂತ ನಿರ್ದೋಷಿಯಾದ ಉಡುಪು ಇನ್ನೊಂದಿರಲಾರದು. ಹೊಸ ನೂಲು ಬೇಡ, ವಿಮಾನ ಬೇಡ. ಆದರೆ ಅದನ್ನು ಕೈಗೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಇಷ್ಟು ದಿನ ನಾನು ಕಾಣದ ಮೀನಿನ ಹೊಟ್ಟೆಯ ಬಗ್ಗೆ ನಿದ್ದೆಗೆಟ್ಟಿದ್ದೆ. ಅದು ತಪ್ಪಲ್ಲ, ಮೀನಿಗೂ ಹೊಟ್ಟೆಯಿದೆ. ಆದರೆ ನನ್ನ ಬಾಯಿಂದ ಉದುರಿದ ಎಳೆಯೊಂದು ಕೈಯಳತೆಯಲ್ಲಿರುವ ಒಬ್ಬರ ಒಳಗೆ ಹೋಗಿ ಇಷ್ಟು ವರ್ಷ ಕೂತಿರುವುದು ನನಗೆ ಗೊತ್ತೇ ಆಗಿರಲಿಲ್ಲ.

"ಇದು ನಿಮ್ಮದು ಅತ್ತಿಗೆ. ನೀವೂ ಮಲ್ಪೆಗೆ ಬನ್ನಿ" ಎಂದೆ.

"ಥೂ, ನಾನ್ಯಾಕ್ ಬರ್ಲಿ? ಟೀಚರಮ್ಮಗಳ ಮಧ್ಯೆ."

ಒಪ್ಪಿಸಲು ಒಂದು ವಾರ ಬೇಕಾಯಿತು. ಅಣ್ಣನನ್ನು ನಾನೇ ಮಾತಾಡಿಸುತ್ತೇನೆಂದೆ. ಅದರ ಅಗತ್ಯ ಬೀಳಲಿಲ್ಲ. "ಅವಳು ಹೋಗೋದಾದ್ರೆ ನಾನ್ಯಾಕೆ ಬೇಡ ಅನ್ಲಿ? ಅವತ್ತೂ ನಾನೇನು ಬೇಡ ಅಂದಿರ್ಲಿಲ್ಲ" ಎಂದ ಅಣ್ಣ. ಆ ಮಾತು ಚುಚ್ಚಿತು. ಮಂಜುಳಮ್ಮ ಉಡುಪಿನ ಸತ್ತ ಎಲಾಸ್ಟಿಕ್ ಕಿತ್ತು ಹೊಸದು ಹಾಕಿ, ಮೇಲಿಂದ ಲಾಡಿಯನ್ನೂ ಕೊಟ್ಟಳು. ನನಗೋ, ಯೋಗದ ಕ್ಲಾಸಿಗೆಂದು ಕೊಂಡು ಎರಡೇ ದಿನ ಹಾಕಿದ್ದ ಬಿಗಿಯಾದ ಪ್ಯಾಂಟು, ಬನಿಯನ್ ಟ್ರಂಕಿನಲ್ಲಿ ಸಿಕ್ಕವು. ಅವೂ ಎಳೆ ಉದುರಿಸುವ ಜಾತಿಯೇ. ಪೂರ್ತಿ ಪಾಪವಿಲ್ಲದ ಬಟ್ಟೆ ಹುಡುಕುತ್ತಾ ಕೂತರೆ ಮನುಷ್ಯ ನೀರಿಗೂ ಇಳಿಯುವುದಿಲ್ಲ, ಬೀದಿಗೂ ಬರುವುದಿಲ್ಲ. ಇರುವುದನ್ನು ಹರಿಯುವ ತನಕ ಹಾಕುವುದೆಂದು ನನ್ನೊಳಗೇ ರಾಜಿಯಾದೆ.

ಹೊರಟ ದಿನ ವ್ಯಾನಿನಲ್ಲಿ ಅತ್ತಿಗೆಯ ಪಕ್ಕದಲ್ಲೇ ಕೂತೆ. ಘಾಟಿ ಇಳಿಯುವಾಗ ಅವರ ಕಿವಿಯ ಹತ್ತಿರ ಬಾಗಿ, "ನಾನು ಹಾಗೆ ಅನ್ನಬಾರದಿತ್ತು ಅತ್ತಿಗೆ. ತಪ್ಪಾಯಿತು" ಎಂದೆ. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತು. ಹೇಳಿ ಹಗುರಾದೆ ಎಂದುಕೊಳ್ಳುವಷ್ಟರಲ್ಲಿ ಅತ್ತಿಗೆ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು:

"ಅಂದಿದ್ದು ಪಂಕ್ತಿನಾಗೆ, ಎಲ್ರು ಮುಂದೆ. ತಪ್ಪಾಯ್ತು ಅಂತಿರೋದು ಕಿವೀನಾಗೆ."

ಮೂವತ್ತು ವರ್ಷ ಪಾಠ ಮಾಡಿದ ನನ್ನನ್ನು ಇಷ್ಟು ಸರಿಯಾಗಿ ಯಾರೂ ತಿದ್ದಿರಲಿಲ್ಲ. ಮುಂದಿನ ಸೀಟುಗಳಲ್ಲಿ ಐದು ಜನ ಸಹೋದ್ಯೋಗಿಗಳು ಚಕ್ಕುಲಿ ತಿನ್ನುತ್ತಾ ಅಂತ್ಯಾಕ್ಷರಿ ಹಾಡುತ್ತಿದ್ದರು. ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತೆ. "ಒಂದು ನಿಮಿಷ ಹಾಡು ನಿಲ್ಲಿಸ್ರೇ" ಎಂದು, ಬೀಗರೂಟದ ಪಂಕ್ತಿ, ಎಮ್ಮೆಯ ಮಾತು, ನಿಂತುಹೋದ ಈಜು, ಎಲ್ಲವನ್ನೂ ಹೇಳಿದೆ. ಹೇಳುವಾಗ ಎಲ್ಲಿಯೂ ತಮಾಷೆ ಸೇರಿಸದಿರಲು ಕಷ್ಟಪಟ್ಟೆ, ಅದು ನನಗೆ ಅಭ್ಯಾಸವಿಲ್ಲ. ಕೊನೆಗೆ "ನಮ್ಮತ್ತಿಗೆಗೆ ನಾನು ಮಾಡಿದ್ದು ಅನ್ಯಾಯ. ನಿಮ್ಮೆಲ್ಲರ ಎದುರಿಗೇ ತಪ್ಪಾಯಿತು ಅಂತ ಕೇಳ್ಕೋತಿದ್ದೀನಿ" ಎಂದೆ.

ಶೈಲಜಾ ಚಕ್ಕುಲಿ ಕೈಯಲ್ಲೇ ಹಿಡಿದುಕೊಂಡಿದ್ದಳು. ಅತ್ತಿಗೆ ನನ್ನ ಸೆರಗು ಹಿಡಿದು ಜಗ್ಗಿದರು. "ಕೂತ್ಕೊಳೆ, ತಿರುವು ಬತ್ತದೆ, ಬಿದ್ದೀಯ" ಎಂದರು. ಕೂತೆ. ಜಗ್ಗಿದ ಸೆರಗನ್ನು ಅವರು ಒಂದೆರಡು ತಿರುವು ದಾಟುವವರೆಗೂ ಬಿಡಲಿಲ್ಲ.

ಮಲ್ಪೆಯಲ್ಲಿ ಸಮುದ್ರ ಶಾಂತವಾಗಿತ್ತು. ಕಾವಲಿನವರು ಬಾವುಟ ನೆಟ್ಟ ಜಾಗದಲ್ಲಿ ನಾವಿಬ್ಬರೂ ಸೊಂಟದವರೆಗೆ ಇಳಿದೆವು. ಅತ್ತಿಗೆ ಮೊದಲ ಎರಡು ಅಲೆಗೆ ನನ್ನ ಕೈ ಹಿಡಿದಿದ್ದರು. ಮೂರನೆಯದಕ್ಕೆ ಕೈ ಬಿಟ್ಟು ಅಂಗಾತ ಮಲಗಿದರು. ಅಲೆ ಬಂದರೆ ಏರಿದರು, ಹೋದರೆ ಇಳಿದರು. ಐವತ್ತೊಂಬತ್ತರ ಆ ಮುಖದಲ್ಲಿ ನಾನು ಈ ಮೊದಲು ಕಂಡಿರದ ಒಂದು ಆರಾಮವಿತ್ತು. ಕಾವಲಿನವನು ಸೀಟಿ ಊದಿ ಕರೆಯುವ ತನಕ ಅವರು ದಡದ ಕಡೆ ನೋಡಲೇ ಇಲ್ಲ. ನಾನೂ ಈಜಿದೆ, ಚೆನ್ನಾಗಿಯೇ ಈಜಿದೆ. ಆದರೆ ಆ ದಿನ ನೋಡಬೇಕಾದದ್ದು ನನ್ನ ಈಜನ್ನಲ್ಲ.

ಆಮೇಲೆ ಮರಳಿನ ಮೇಲೆ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದೆವು. ಸೀರೆಯ ನೆರಿಗೆ ಎತ್ತಿಕೊಂಡು ನೀರಿನ ಅಂಚಿನಲ್ಲೇ ಓಡಾಡುತ್ತಿದ್ದ ಹೆಂಗಸೊಬ್ಬಳು ನಮ್ಮ ಹತ್ತಿರ ಬಂದಳು. ನಮ್ಮಷ್ಟೇ ವಯಸ್ಸಿರಬೇಕು. ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿ, ಅತ್ತಿಗೆಯನ್ನು ಕೇಳಿದಳು:

"ಅಕ್ಕಾ, ಈ ಬಟ್ಟೆ ಎಲ್ಲಿ ಸಿಗುತ್ತೆ?"

ಅತ್ತಿಗೆ ತೋಳಿನ ಮರಳು ಕೊಡವಿಕೊಂಡರು.

"ಎಲ್ಲಾದ್ರೂ ಸಿಗ್ತದೆ ಕಣವ್ವಾ. ತಗೊಂಡ್ಮ್ಯಾಕೆ ಯಾರೇನಂದ್ರೂ ಬೀರುನಾಗೆ ಮಾತ್ರ ಇಕ್ಬ್ಯಾಡ."