ಹೊರೆ ಬಂತು

ನಮ್ಮ ವಾಲ್ಪರೈಸೊ ಬಂದರಿನ ಗುಡ್ಡದಲ್ಲಿ ಎದೆಲ್ಮಿರಕ್ಕನಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ಇದ್ದರೆ ತೋರಿಸಿ, ಮೀಸೆ ಬೋಳಿಸುತ್ತೇನೆ. ಇಪ್ಪತ್ತಾರು ವರ್ಷ ಜೈಲಿನ ಗೇಟಿನೆದುರು ಕುಂಬಳಕಾಯಿ ರೊಟ್ಟಿ ಕರಿದು ಮಾರಿದವಳು. ಶಿಕ್ಷೆ ಮುಗಿಸಿದ ಕಾಯಿಲೆಯ ಮುದುಕರು ಹೊರಗೆ ಬಂದು, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಲ್ಲುವುದನ್ನು ದಿನಾ ನೋಡಿದಳು. ಅರವತ್ತು ದಾಟಿದ ಮೇಲೆ ಬಾಣಲೆ ಕೆಳಗಿಟ್ಟು ಅಂಥವರನ್ನು ಒಬ್ಬೊಬ್ಬರಾಗಿ ಮನೆಗೇ ಕರೆತಂದಳು. ಐವರನ್ನು ಕೊನೆಯುಸಿರಿನವರೆಗೂ ನೋಡಿಕೊಂಡಳು. ಒಬ್ಬನೂ ಅನಾಥನಾಗಿ ಸಾಯಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ.

ಆರನೆಯವನು ಆನ್ಸೆಲ್ಮೊ. ಎಪ್ಪತ್ನಾಲ್ಕು ವಯಸ್ಸು, ಎರಡೂ ಕಿಡ್ನಿ ಹೋಗಿದ್ದವು. ಇವನನ್ನು ತಂದಾಗ ಗುಡ್ಡವೇ ಮುಖ ತಿರುಗಿಸಿತು. ಮೂವತ್ತೊಂದು ವರ್ಷದ ಹಿಂದೆ ಕುಡಿದ ಜಗಳದಲ್ಲಿ ಇವನು ಚಾಕು ಹಾಕಿ ಕೊಂದದ್ದು ಇದೇ ಗುಡ್ಡದ ನಮ್ಮ ಗ್ರಿಸೆಲ್ದಳ ತಮ್ಮನನ್ನು.

"ಅವನನ್ನ ಯಾಕಕ್ಕ ತಂದೆ?" ಎಂದು ನಾನೇ ಕೇಳಿದೆ.

"ಮೂವತ್ತೊಂದು ವರ್ಷ ಅನುಭವಿಸಿ ಬಂದಿದಾನೆ. ನಿಂಗೆ ಸಾಲ್ದಿದ್ರೆ ನೀನೇ ಒಳಗೆ ಹೋಗಿ ಮಿಕ್ಕಿದ್ದು ಮುಗಿಸ್ಕೊಂಡು ಬಾ," ಎಂದಳು.

ವಾರಕ್ಕೆ ಮೂರು ಸಲ ಡಯಾಲಿಸಿಸ್. ವ್ಯಾನು ಬರುವುದು ಕೆಳಗಿನ ರಸ್ತೆಯವರೆಗೆ; ನಡುವೆ ನೂರಾ ಅರವತ್ತಮೂರು ಮೆಟ್ಟಿಲು. ಗ್ಯಾಸ್ ಸಿಲಿಂಡರ್ ಹೊರುವ ಫ್ರೊಯ್ಲಾನ್ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿ ಹತ್ತಿಸುತ್ತಿದ್ದ. ಒಂದು ಶುಕ್ರವಾರ ಫ್ರೊಯ್ಲಾನನ ಸೊಂಟ ಹಿಡಿದುಕೊಂಡಿತು. ಶನಿವಾರದ್ದು ತಪ್ಪಿತು. ಮಂಗಳವಾರದ ಹೊತ್ತಿಗೆ ಆನ್ಸೆಲ್ಮೊ ಊದಿಕೊಂಡು ಉಸಿರಿಗೆ ಒದ್ದಾಡುತ್ತಿದ್ದ. ಅವತ್ತೂ ತಪ್ಪಿದರೆ ಉಳಿಯುವುದಿಲ್ಲವೆಂದು ನರ್ಸು ಫೋನಿನಲ್ಲಿ ಹೇಳಿದ್ದಳು.

ನಮ್ಮ ಮೆಟ್ಟಿಲುಗಳ ನಡುವೆ, ನಿಂತು ದಣಿವಾರಿಸಿಕೊಳ್ಳುವಂಥ ಮೂರು ಅಗಲದ ಕಟ್ಟೆಗಳಿವೆ. ಫ್ರಿಜ್ಜಾಗಲಿ ಶವಪೆಟ್ಟಿಗೆಯಾಗಲಿ, ಭಾರದ್ದೇನಾದರೂ ಸಾಗಿಸುವಾಗ "ಹೊರೆ ಬಂತು" ಎಂದು ಕೂಗುತ್ತಾರೆ. ಆಯಾ ಕಟ್ಟೆಯ ಮನೆಯವರು ಹೊರಬಂದು ಅದನ್ನು ಹೊತ್ತು ಮುಂದಿನ ಕಟ್ಟೆಗೆ ದಾಟಿಸಬೇಕು. ಕೈ ಹಾಕಿದ ಮೇಲೆ ನಡುವೆ ಇಳಿಸಿದವನ ಮನೆಗೆ ಆಮೇಲೆ ಯಾರೂ ಒಂದು ಚೀಲವನ್ನೂ ಹೊರುವುದಿಲ್ಲ.

ಎದೆಲ್ಮಿರಕ್ಕ ಆನ್ಸೆಲ್ಮೊನನ್ನು ಕುರ್ಚಿಗೆ ಶಾಲಿನಿಂದ ಕಟ್ಟಿ, ಹೊಸಿಲಿನ ಹೊರಗೆ ಎಳೆದು, "ಹೊರೆ ಬಂತು" ಎಂದು ಕೂಗಿದಳು. ಮೇಲಿನ ಕಟ್ಟೆಯ ಅಣ್ಣತಮ್ಮಂದಿರು ರೂಢಿಯಂತೆ ಓಡಿಬಂದು, ಕುರ್ಚಿ ಹಿಡಿದ ಮೇಲೆ ಅದರಲ್ಲಿದ್ದವನ ಮುಖ ನೋಡಿದರು. ನಡುವಿನ ಕಟ್ಟೆಯಲ್ಲಿ ನಾನೂ ನನ್ನ ಹೆಂಡತಿ ಇರ್ಮಾಳೂ ಹಾಗೆಯೇ ಸಿಕ್ಕಿಬಿದ್ದೆವು.

"ಮೋಸ ಮಾಡ್ಬಿಟ್ಯಲ್ಲಕ್ಕ," ಎಂದೆ, ಜೊತೆಗೇ ಇಳಿದುಬಂದ ಎದೆಲ್ಮಿರಕ್ಕನಿಗೆ.

"ಹೊರೆ ಅಲ್ವೇನೋ ಇವ್ನು? ಹೊತ್ತು ನೋಡು, ಗೊತ್ತಾಗುತ್ತೆ."

ಕೊನೆಯ ಕಟ್ಟೆಯಲ್ಲಿ ಇರುವುದು ಒಂದೇ ಮನೆ, ಗ್ರಿಸೆಲ್ದಳದು. ಅದು ಹತ್ತಿರವಾದಂತೆ ಆನ್ಸೆಲ್ಮೊ ನನ್ನ ತೋಳು ಹಿಡಿದುಕೊಂಡ. "ವಾಪಸ್ ಕರ್ಕೊಂಡು ಹೋಗಿ. ನಾನು ಸತ್ರೂ ಪರವಾಗಿಲ್ಲ, ಈ ಬಾಗ್ಲಿಗೆ ನನ್ನ ತರ್ಬೇಡಿ," ಎಂದ.

ಎದೆಲ್ಮಿರಕ್ಕನಿಗೆ ಕೂಗಲು ಬಾಯಿ ಬರಲಿಲ್ಲ. ಇರ್ಮಾಳ ಕೈ ಸೋತಿತ್ತು. ಕೊನೆಗೆ ನಾನೇ ಕೂಗಿದೆ.

ಗ್ರಿಸೆಲ್ದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವನನ್ನು ನೋಡಿದಳು. ಒರೆಸುವುದು ನಿಂತಿತು.

"ಬಿಡು ಇರ್ಮಾ, ನಿಂದು ಮುಗೀತು," ಎಂದು ಅವಳ ಕಡೆಯ ಕುರ್ಚಿಯ ಕಾಲುಗಳನ್ನು ತಾನು ಹಿಡಿದಳು. "ನಾನು ಹೊರ್ತಿರೋದು ಹೊರೆನ. ಅವನನ್ನಲ್ಲ. ಯಾರೂ ತಪ್ಪು ತಿಳ್ಕೋಬೇಡಿ."

ಉಳಿದ ಮೂವತ್ತೆಂಟು ಮೆಟ್ಟಿಲು ಒಂದು ಕಡೆ ನಾನು, ಇನ್ನೊಂದು ಕಡೆ ಗ್ರಿಸೆಲ್ದ ಹಿಡಿದು ಇಳಿಸಿದೆವು. ಆನ್ಸೆಲ್ಮೊ ತಲೆ ತಗ್ಗಿಸಿ ಅಳುತ್ತಿದ್ದ, ಅವಳು ಆ ಕಡೆ ನೋಡಲಿಲ್ಲ. ವ್ಯಾನಿಗೆ ಹತ್ತಿಸಿ, ಹಿಂತಿರುಗಿ ಹೋಗಿ ಬಾಗಿಲು ಹಾಕಿಕೊಂಡಳು.

ಗುರುವಾರ ಅವಳನ್ನು ಮತ್ತೆ ಕರೆಯಲು ನಮಗೆ ಯಾರಿಗೂ ಮುಖವಿರಲಿಲ್ಲ. ವ್ಯಾನು ಬರುವ ಹೊತ್ತು, ಎಂಟು ಗಂಟೆಯಾಯಿತು. ಆನ್ಸೆಲ್ಮೊ ಕೂತ ಕುರ್ಚಿ ಎದೆಲ್ಮಿರಕ್ಕನ ಹೊಸಿಲಲ್ಲೇ ಇತ್ತು. ಆಗ ಕೆಳಗಿನಿಂದ ಕೂಗು ಕೇಳಿತು, ಗ್ರಿಸೆಲ್ದಳದು.

"ವ್ಯಾನು ಬಂದು ನಿಂತಿದೆ. ಹೊರೆ ಎಲ್ರಪ್ಪ?"