ಕಾಯಿ ಬೀಳದ ಹಾಡು

ಹಾಡು ಕೇಳುವಾಗ ಕೈ ಸುಮ್ಮನಿರಬೇಕೆಂದು ಯಾರು ಕಾನೂನು ಮಾಡಿದರೋ ಗೊತ್ತಿಲ್ಲ. ಪಟ್ಟಣದ ಸಂಗೀತ ಸಭೆಗಳಲ್ಲಿ ನನ್ನ ಕಷ್ಟವೇ ಇದು. ಗಾಯಕರು ಆಲಾಪನೆಗೆ ಇಳಿದ ಕೂಡಲೇ ನನ್ನ ಬೆರಳುಗಳು ಏನನ್ನೋ ಹುಡುಕತೊಡಗುತ್ತವೆ. ಒಮ್ಮೆ ತುಮಕೂರಿನ ಕಚೇರಿಯೊಂದರಲ್ಲಿ ಪಕ್ಕದವರ ಶಾಲಿನ ಗೊಂಡೆಯನ್ನೆಲ್ಲ ಬಿಡಿಸಿ ಅವರ ತೊಡೆಯ ಮೇಲೇ ಗುಡ್ಡೆ ಹಾಕಿದ್ದೆ. ಪಾಪ, ಅವರು ಎದ್ದು ಬೇರೆ ಕುರ್ಚಿಗೆ ಹೋದರು. ತಪ್ಪು ನನ್ನದಲ್ಲ, ನಾನು ಸಂಗೀತ ಕೇಳಲು ಕಲಿತ ಜಾಗದ್ದು.

ಆ ಜಾಗ ಹುಲಿಕುಂಟೆ ಕಡೆಯ ರುದ್ರಣ್ಣನ ಹೊಲ. ಶಿರಾದಲ್ಲಿ ನನ್ನದೊಂದು ಔಷಧಿ ಅಂಗಡಿ. ರುದ್ರಣ್ಣ ಮೊದಲು ಗಿರಾಕಿ, ಆಮೇಲೆ ಗೆಳೆಯ. ಕೊಳವೆಬಾವಿಯ ನೀರಲ್ಲಿ ಬೇಸಿಗೆಗೂ ಕಡ್ಲೆಕಾಯಿ ಬೆಳೆಯುತ್ತಿದ್ದ. ಗಿಡ ಕಿತ್ತು ಕಣದಲ್ಲಿ ಒಟ್ಟಿದ ಮೇಲೆ, ಇಳಿಹೊತ್ತಿಗೆ ಹೊಂಗೆ ಮರದ ಕೆಳಗೆ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದ. ಸುತ್ತಲಿನ ಊರಿನವರೂ ಶಿರಾದಿಂದ ನಮ್ಮಂಥ ನಾಲ್ಕಾರು ಜನರೂ ಹೋಗುತ್ತಿದ್ದೆವು. ಟಿಕೆಟ್ಟಿಲ್ಲ, ಹಾಗಂತ ಬಿಟ್ಟಿಯೂ ಅಲ್ಲ. ಬಂದವರ ಮಡಿಲಿಗೆ ಅವನ ಹೆಂಡತಿ ಗೌರಮ್ಮ ಒಂದೊಂದು ತೆಕ್ಕೆ ಗಿಡ ಹಾಕುತ್ತಿದ್ದರು. ಹಾಡು ಕೇಳುತ್ತ ಕಾಯಿ ಬಿಡಿಸಿ ಮಂಕರಿ ತುಂಬಬೇಕು. ಈ ಕೆಲಸದಿಂದ ವಿನಾಯಿತಿ ಇದ್ದದ್ದು ಹಾಡುವ ರುದ್ರಣ್ಣನಿಗೆ ಮತ್ತು ದಮ್ಮಡಿ ಬಡಿಯುವ ಕುರಿಗಾಹಿ ಕರಿಯಣ್ಣನಿಗೆ. ಕಾಯಿ ಬಿಡಿಸಿದ ಗಿಡವೆಲ್ಲ ಕೊನೆಗೆ ಕರಿಯಣ್ಣನ ಕುರಿಗಳ ಪಾಲು. ಅಷ್ಟು ಶ್ರದ್ಧೆಯ ಪಕ್ಕವಾದ್ಯದವರು ದೊಡ್ಡ ವಿದ್ವಾಂಸರಿಗೂ ಸಿಕ್ಕಿರಲಾರರು.

ಲಯದಲ್ಲಿ ವಿಳಂಬ, ಮಧ್ಯ, ದ್ರುತ ಎಂದು ಮೂರು ಬಗೆ ಎನ್ನುತ್ತಾರೆ ಬಲ್ಲವರು. ಗೌರಮ್ಮನ ಶಾಸ್ತ್ರದಲ್ಲಿ ಎರಡೇ: ಕಾಯಿ ಬೀಳುವ ಹಾಡು, ಕಾಯಿ ಬೀಳದ ಹಾಡು. ಭಜನೆ ಶುರುವಾದರೆ ಮಂಕರಿಗೆ ಟಪಟಪ ಬೀಳುತ್ತಿತ್ತು. ರುದ್ರಣ್ಣನ ಪ್ರಾಣವೋ ಒಂದು ತತ್ವಪದದ ಮೇಲೆ. ಅವನ ಅಜ್ಜನ ಬಾಯಿಂದ ಅವನ ಬಾಯಿಗೆ ಬಂದದ್ದು, ತುಂಬು ಗಬ್ಬದ ಎಮ್ಮೆ ನಡೆದಷ್ಟು ನಿಧಾನ. ಅದರ ಮೊದಲ ಸಾಲು ಎಳೆದನೆಂದರೆ ನಮ್ಮ ಬೆರಳುಗಳು ನಿಂತೇಹೋಗುತ್ತಿದ್ದವು. ಆಗ ಒಲೆಯ ಕಡೆಯಿಂದ ಗೌರಮ್ಮನ ದನಿ ಬರುತ್ತಿತ್ತು.

“ಸಾಕು ಬುಡಿ ಎಳ್ದಿದ್ದು! ಎಲ್ರೂ ಕೈ ಕಟ್ಕಂಡು ಕುಂತವ್ರೆ, ಗುಡ್ಡೆ ಹಂಗೇ ಐತೆ. ಜೋರಾಗಿರಾದು ಒಂದ್ ಹೇಳಿ.”

“ಅಧ್ಯಕ್ಷರ ಅಪ್ಪಣೆ ಕಣ್ರಪ್ಪ,” ಎಂದು ರುದ್ರಣ್ಣ ನಗುತ್ತ ಭಜನೆಗೆ ಹಾರುತ್ತಿದ್ದ. ಒಮ್ಮೆ ನಾನೂ ಉತ್ಸಾಹದಿಂದ ದನಿಗೂಡಿಸಿದೆ. “ಸಾರ್, ನೀವು ಎಂಥಾ ಕಹಿ ಮಾತ್ರೆನಾರ ಕೊಡಿ, ನುಂಗ್ತೀವಿ. ಹಾಡ್ಬ್ಯಾಡಿ,” ಎಂದ. ಕಣವೆಲ್ಲ ನಕ್ಕಿತು. ಅಂದಿನಿಂದ ನಾನು ಬರೀ ಕಾಯಿ ಬಿಡಿಸಿದೆ.

ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಬಿತ್ತನೆ ಮುಗಿಸಿದ ರುದ್ರಣ್ಣ ಗಿಡ ಹೂ ಬಿಡುವ ಮೊದಲೇ ಹೋಗಿಬಿಟ್ಟ. ಎದೆ ಹಿಡಿದುಕೊಂಡಿತಂತೆ. ಔಷಧಿ ಅಂಗಡಿಯವನಿಗೆ ಸಾವಿನ ಸುದ್ದಿ ಹೊಸದಲ್ಲ. ಆದರೂ ಅವತ್ತು ಷಟರ್ ಎಳೆದುಕೊಂಡು ಒಳಗೆ ಕೂತು ಅತ್ತೆ.

ಬೇಸಿಗೆ ಬಂತು. ಗಿಡ ಕೀಳುವ ಕಾಲಕ್ಕೆ ಕರಿಯಣ್ಣ ಅಂಗಡಿಗೆ ಬಂದು, “ಗೌರಮ್ಮಾರು ಕಾಯಿ ಬಿಡ್ಸಾ ಮಿಷನ್ ತರುಸ್ತಾರಂತೆ ಸಾ. ಈ ಸಲ ಯಾರೂ ಬರಾದ್ ಬ್ಯಾಡ ಅಂದವ್ರೆ,” ಎಂದ. ಅವರಾದರೂ ಏನು ಮಾಡಿಯಾರು? ಮಿಷನ್ನಿಗೆ ಹಾಡೂ ಬೇಡ, ಹೊಂಗೆಯ ನೆರಳೂ ಬೇಡ. ಆದರೆ ರುದ್ರಣ್ಣ ಎರಡನೆಯ ಸಲ ಸತ್ತನೆನಿಸಿತು ನನಗೆ. ಇನ್ನು ಆ ಕಣಕ್ಕೆ ಹೋಗಲು ನೆಪವೇ ಉಳಿಯಲಿಲ್ಲವಲ್ಲ.

ಮರುವಾರ ಗೌರಮ್ಮನೇ ಫೋನ್ ಮಾಡಿದರು. “ಮಿಷನ್ ವಾಪಸ್ ಕಳ್ಸ್ಬುಟ್ಟೆ ಸಾರ್. ಅವ್ರು ಕೂರ್ತಿದ್ ಜಾಗ್ದಾಗೆ ಅದು ಹಂಗೆ ಬಡ್ಕಳಾದು ಕೇಳಕ್ಕಾಗ್ಲಿಲ್ಲ. ಎಲ್ರೂ ಬನ್ನಿ.”

ಹೋದೆವು. ಮರದ ಕೆಳಗೆ ಕಂಬಳಿ ಹಾಸಿ ಹಾರ್ಮೋನಿಯಂ ಇಟ್ಟಿದ್ದರು, ಅದರ ಮೇಲೆ ಅವನ ಟವೆಲ್ಲು. ಮಡಿಲಿಗೆ ಗಿಡ ಬಂತು. ಕರಿಯಣ್ಣ ದಮ್ಮಡಿಯನ್ನು ಪಕ್ಕಕ್ಕಿಟ್ಟು ಮೊದಲ ಬಾರಿಗೆ ಕಾಯಿ ಬಿಡಿಸತೊಡಗಿದ. ಅದನ್ನು ನೋಡಲಾಗಲಿಲ್ಲ ನನಗೆ. ಏನು ಧೈರ್ಯ ಬಂತೋ, ಕಣ್ಣು ಮುಚ್ಚಿಕೊಂಡು ಆ ತತ್ವಪದದ ಮೊದಲ ಸಾಲು ಎಳೆದೇಬಿಟ್ಟೆ. ನನ್ನ ಗಂಟಲಿನ ವಿಷಯ ನಿಮಗೆ ಈಗಾಗಲೇ ಗೊತ್ತು. ಯಾರೂ ನಗಲಿಲ್ಲ. ಬೆರಳುಗಳು ಮಾತ್ರ ಹಿಂದಿನಂತೆಯೇ ನಿಂತವು, ಎಲ್ಲರೂ ಒಲೆಯ ಕಡೆಯ ಬೈಗುಳಕ್ಕೆ ಕಾದರು.

ಬೈಗುಳ ಬರಲಿಲ್ಲ. ಗೌರಮ್ಮನೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಂಬಳಿಯ ಅಂಚಿಗೆ ಕೂತರು. “ಯಾಕ್ ನಿಲ್ಲುಸ್ಬುಟ್ರಿ? ಮುಂದುಕ್ಕೆ ಹೇಳಿ.”

“ಮುಂದಿನದು ನಮಗ್ಯಾರಿಗೂ ಬರಲ್ಲ ಗೌರಮ್ಮ. ನಿಮಗೆ ಗೊತ್ತಿದ್ದರೆ...”

ಅವರು ಟವೆಲ್ಲನ್ನೇ ನೋಡುತ್ತಿದ್ದರು. “ನಂಗೆಲ್ಲಿ ಬತ್ತದೆ? ಹೊಲುಕ್ಕೆ ನೀರು ಕಟ್ಟಾಗ ಒಬ್ರೇ ಪೂರ್ತಿ ಹೇಳ್ಕಣಾರು. ನಾನ್ ಯಾವತ್ ಕುಂತು ಕೇಳ್ದೆ? ಇಲ್ಲೂ ಹೇಳಕ್ ಬುಡ್ಲಿಲ್ಲ.”

ಮರದಲ್ಲಿ ಹಕ್ಕಿಗಳ ಗಲಾಟೆ ಶುರುವಾಗಿತ್ತು. ನಮಗೆಲ್ಲ ಒಟ್ಟಿಗೇ ತಿಳಿಯಿತು, ಆ ಹಾಡಿನ ಉಳಿದ ಭಾಗ ಇನ್ನು ಈ ಭೂಮಿಯ ಮೇಲೆ ಯಾರ ಬಾಯಲ್ಲೂ ಇಲ್ಲ. ಗೌರಮ್ಮ ಮೂಗು ಒರೆಸಿಕೊಂಡು, “ಹೋಗ್ಲಿ, ಅದೊಂದ್ನೇ ಇನ್ನೊಂದ್ ಕಿತ ಹೇಳಿ ಸಾರ್. ನಿಧಾನುಕ್ಕೇ ಹೇಳಿ,” ಎಂದರು. ಕರಿಯಣ್ಣ ದಮ್ಮಡಿ ಕೈಗೆತ್ತಿಕೊಂಡ. ಹೊತ್ತು ಮುಳುಗುವವರೆಗೂ ಎಲ್ಲರೂ ಸೇರಿ ಆ ಒಂದೇ ಸಾಲನ್ನು ಹೇಳಿದೆವು.

ಅವತ್ತು ಮಂಕರಿಯ ತಳವೂ ಮುಚ್ಚಲಿಲ್ಲ. ಹೊರಡುವಾಗ ಗೌರಮ್ಮ ಹಾಗೇ ಉಳಿದಿದ್ದ ಗುಡ್ಡೆಯನ್ನು ನೋಡಿ, “ಹಿಂಗಾದ್ರೆ ನಾಳಿಕ್ಕೂ ಬರ್ಬೇಕಾಯ್ತದೆ ನೀವು,” ಎಂದರು. ಹಾಡಿದ ಮೇಲೂ ನನ್ನನ್ನು ಮತ್ತೆ ಬಾ ಎಂದು ಕರೆದವರು ಅವರೊಬ್ಬರೇ.